ಮಿತಾಕ್ಷರೆಯೂ ಕಿರಿಯರ ಸಂಪಾದನೆಯೂ: ಕಾಗಿಣಾ ಸೀಮೆಯ ಅವಿಭಕ್ತ ಕುಟುಂಬಗಳ ಆಯವ್ಯಯ ವಿಚಾರ

ಹತ್ತು ಹನ್ನೆರಡು ಜನರಿರುವ ಅವಿಭಕ್ತ ಕುಟುಂಬದಲ್ಲಿ ಹದಿನಾರು ಹದಿನೇಳರ ಹುಡುಗನೊಬ್ಬನು ಮೊದಲ ಬಾರಿಗೆ ದುಡಿದು ಹಣ ತಂದಾಗ ಆ ಹಣವು ಯಾರದು? ತಂದವನದೊ, ತಂದೆಯದೊ, ಒಂದೇ ಒಲೆಯ ಮೇಲೆ ಬೆಂದುದನ್ನು ಉಣ್ಣುವ ಎಲ್ಲರದೊ? ಈ ಪ್ರಶ್ನೆಯು ಕಾರಖಾನೆಗಳೊಡನೆ ಹುಟ್ಟಿತೆಂದು ಹಲವರು ಭಾವಿಸುವರು. ಅದು ಸರಿಯಲ್ಲ. ಯಾಜ್ಞವಲ್ಕ್ಯಸ್ಮೃತಿಗೆ ಮಿತಾಕ್ಷರೆಯೆಂಬ ವ್ಯಾಖ್ಯಾನವನ್ನು ರಚಿಸಿದ ವಿಜ್ಞಾನೇಶ್ವರನು ಇದನ್ನು ದಾಯವಿಭಾಗಪ್ರಕರಣದಲ್ಲಿ ಸೂಕ್ಷ್ಮವಾಗಿ ವಿಚಾರಿಸಿರುವನು. ಆತನು ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಆರನೆಯ ವಿಕ್ರಮಾದಿತ್ಯನ (ಕ್ರಿ.ಶ. ೧೦೭೬–೧೧೨೬) ಕಾಲದವನೆಂಬುದು ಗ್ರಂಥಾಂತ್ಯದಲ್ಲಿ ಕಲ್ಯಾಣನಗರವನ್ನೂ ವಿಕ್ರಮಾರ್ಕನನ್ನೂ ಸ್ತುತಿಸಿರುವುದರಿಂದ ವಿದಿತವಾಗುತ್ತದೆ. ಶಹಾಬಾದಿಗೆ ಸಮೀಪದ ಮರತೂರು ಆತನ ಸ್ಥಳವೆಂಬ ಪ್ರತೀತಿ ಆ ಭಾಗದಲ್ಲಿ ಬಲವಾಗಿ ನಿಂತಿದೆ. ಪ್ರತೀತಿಯನ್ನು ಬದಿಗಿಟ್ಟರೂ, ಭಾರತದ ಬಹುಭಾಗದ ಹಿಂದೂ ಕುಟುಂಬಗಳ ಆಸ್ತಿವ್ಯವಹಾರವನ್ನು ಶತಮಾನಗಳ ಕಾಲ ಆಳಿದ ಗ್ರಂಥವು ಕನ್ನಡ ಅರಸನ ಆಶ್ರಯದಲ್ಲಿ, ಕನ್ನಡ ಒಕ್ಕಲುಗಳ ನಡುವೆ ಹುಟ್ಟಿತೆಂಬುದರಲ್ಲಿ ಸಂದೇಹವಿಲ್ಲ. ಆದರೂ ಆ ಗ್ರಂಥವನ್ನು ನ್ಯಾಯಾಲಯದ ಮೇಜಿನ ಮೇಲೆ ಓದಿದಷ್ಟು ಮನೆಯ ಪಡಸಾಲೆಯಲ್ಲಿ ಕುಳಿತು ಓದಿದವರು ಕಡಮೆ.

ಚಿಂಚೋಳಿ, ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ ಇವು ಕಾಗಿಣಾ ನದಿಯೂ ಅದರ ಉಪನದಿಗಳೂ ಹರಿದು ಭೀಮೆಯತ್ತ ಸಾಗುವ ಸೀಮೆಯ ಊರುಗಳು. ಸೇಡಂ ತಾಲೂಕಿನ ಮಳಖೇಡವೇ ರಾಷ್ಟ್ರಕೂಟರ ರಾಜಧಾನಿಯಾದ ಮಾನ್ಯಖೇಟ. ಕವಿರಾಜಮಾರ್ಗದ ನೃಪತುಂಗನು ಆಳಿದ ನೆಲ. ಅಲ್ಲಿಯ ವೈಭವವನ್ನು ಸಾಹಿತ್ಯಚರಿತ್ರಕಾರರು ಸಾಕಷ್ಟು ವರ್ಣಿಸಿರುವರಾದುದರಿಂದ ಇಲ್ಲಿ ಅದು ಅಪ್ರಕೃತ. ಪ್ರಕೃತವಾದುದು ಆ ನೆಲದ ಒಕ್ಕಲುಮನೆ. ಜೋಳವೂ ತೊಗರಿಯೂ ಮುಖ್ಯವಾದ ಬೆಳೆಗಳು. ನೀರಾವರಿಯಿಲ್ಲದ ಹೊಲಕ್ಕೆ ಮಳೆಯೇ ಗತಿ. ಇಂಥ ಮನೆಗೆ ಆದಾಯ ಬರುವುದು ರಾಶಿಯ ಕಾಲದಲ್ಲಿ, ವ್ಯಯವಾದರೋ ನಿತ್ಯ. ವರ್ಷಕ್ಕೊಮ್ಮೆ ತುಂಬಿ ದಿನದಿನವೂ ಖಾಲಿಯಾಗುವ ಹಗೇವೇ ಈ ಮನೆಯ ಬೊಕ್ಕಸ. ಕಾಳನ್ನು ಅಳೆದುಕೊಡುವ ಕೈ ಯಾರದೋ ಅವರ ಕೈಯಲ್ಲಿ ಮನೆ.

ಯಾಜ್ಞವಲ್ಕ್ಯನು ಗೃಹಸ್ಥರನ್ನು ಅವರ ಬಳಿಯಿರುವ ಧಾನ್ಯದ ಪ್ರಮಾಣದಿಂದ ವಿಂಗಡಿಸಿರುವನು: ಕಣಜದಷ್ಟುಳ್ಳವನು, ಗಡಿಗೆಯಷ್ಟುಳ್ಳವನು, ಮೂರು ದಿನಕ್ಕಾಗುವಷ್ಟುಳ್ಳವನು, ನಾಳೆಗೆ ಇಲ್ಲದವನು. ಕಣಜವೆಂದರೆ ಕುಟುಂಬಪೋಷಣೆಗೆ ಹನ್ನೆರಡು ದಿನಕ್ಕೆ ಸಾಲುವಷ್ಟು, ಗಡಿಗೆಯೆಂದರೆ ಆರು ದಿನಕ್ಕೆ ಸಾಲುವಷ್ಟು ಎಂದು ವಿಜ್ಞಾನೇಶ್ವರನು ಅರ್ಥಮಾಡುವನು. ಇದೇ ಪದಗಳಿಗೆ ವರ್ಷಗಳ ಲೆಕ್ಕ ಹೇಳುವ ವ್ಯಾಖ್ಯಾನಕಾರರೂ ಮನುಸ್ಮೃತಿಯ ಪರಂಪರೆಯಲ್ಲಿ ಉಂಟು. ಈ ವಚನಗಳು ಬ್ರಾಹ್ಮಣ ಗೃಹಸ್ಥನ ಅಪರಿಗ್ರಹವನ್ನು ಉದ್ದೇಶಿಸಿದವು. ಒಕ್ಕಲಿಗನು ಹನ್ನೆರಡು ದಿನದ ಕಾಳನ್ನಿಟ್ಟುಕೊಂಡು ಬೇಸಗೆಯನ್ನು ದಾಟಲಾರನು. ಆದರೂ ಮನೆಯ ಸ್ಥಿತಿಯನ್ನು ಹಣದಿಂದಲ್ಲ, ಇನ್ನೆಷ್ಟು ದಿನ ಉಣ್ಣಬಹುದು ಎಂಬುದರಿಂದ ಅಳೆಯುವ ಈ ಕ್ರಮವು ಹಗೇವಿನ ಲೆಕ್ಕಕ್ಕೆ ಎಷ್ಟು ಹತ್ತಿರವೆಂಬುದನ್ನು ಗಮನಿಸಬೇಕು. ಧನದ ಸಂಗ್ರಹದಲ್ಲಿಯೂ ವ್ಯಯದಲ್ಲಿಯೂ ಪತ್ನಿಯನ್ನು ನಿಯೋಜಿಸಬೇಕೆಂದು ಮನುವು ವಿಧಿಸಿದನು. ಗೃಹಿಣಿಯು ವ್ಯಯಕ್ಕೆ ಮುಖ ತಿರುಗಿಸಿದವಳಾಗಿರಬೇಕೆಂದು ಯಾಜ್ಞವಲ್ಕ್ಯನು ಹೇಳಿದನು. ಯಜಮಾನನ ಹೆಸರಿನಲ್ಲಿ ನಡೆಯುವ ಮನೆಯ ನಿತ್ಯದ ಆಯವ್ಯಯ ಹೆಂಗಸರ ಕೈಯಲ್ಲಿತ್ತೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಾಗಿಲ್ಲ.

ಇನ್ನು ದುಡಿಯತೊಡಗಿದ ಮಗನ ವಿಷಯ. ಎಂಟನೆಯ ವರ್ಷದವರೆಗೆ ಮಗುವನ್ನು ಗರ್ಭಸ್ಥನಂತೆಯೂ, ಹದಿನಾರರವರೆಗೆ ಬಾಲನೆಂದೂ ತಿಳಿಯಬೇಕು, ಅನಂತರ ಅವನು ವ್ಯವಹಾರವನ್ನು ಬಲ್ಲವನು ಎಂಬುದು ನಾರದನ ಮತ. ಆದರೆ ನಾರದನು ಅಲ್ಲಿಗೇ ನಿಲ್ಲಿಸಲಿಲ್ಲ: ತಂದೆತಾಯಿಗಳು ಇಲ್ಲದಿದ್ದರೆ ಮಾತ್ರ ಅವನು ಸ್ವತಂತ್ರ, ಅವರಿರುವಾಗ ಮುದುಕನಾದರೂ ಅಸ್ವತಂತ್ರನೇ. ಹೆಂಡತಿ, ಮಗ, ದಾಸ ಈ ಮೂವರೂ ಧನವಿಲ್ಲದವರು, ಅವರು ಗಳಿಸಿದುದು ಅವರ ಒಡೆಯನದು ಎಂಬ ಮನುವಚನವು ಇದಕ್ಕಿಂತ ಕಠಿಣ. ಮೇಧಾತಿಥಿಯಂಥ ವ್ಯಾಖ್ಯಾನಕಾರರು ಇದರ ಮೊನೆಯನ್ನು ಮುರಿದರು. ಈ ವಚನವು ಸ್ವತ್ವವನ್ನು ನಿರಾಕರಿಸುವುದಿಲ್ಲ, ಪಾರತಂತ್ರ್ಯವನ್ನು ಮಾತ್ರ ಹೇಳುತ್ತದೆ ಎಂದರು. ಎಂದರೆ ಮಗನು ತಂದ ಹಣ ಮಗನದೇ. ಅದನ್ನು ತನ್ನಿಚ್ಛೆಯಂತೆ ಚೆಲ್ಲುವ ಅಧಿಕಾರ ಮಾತ್ರ ಅವನಿಗಿಲ್ಲ. ಮಿತಾಕ್ಷರೆಯ ಸಿದ್ಧಾಂತವು ಇನ್ನೊಂದು ದಿಕ್ಕಿನಿಂದ ಬಂದು ಇಲ್ಲಿಗೇ ಸೇರುತ್ತದೆ. ಪಿತಾಮಹನ ದ್ರವ್ಯದಲ್ಲಿ ಮಗನಿಗೆ ಹುಟ್ಟಿನಿಂದಲೇ ಸ್ವತ್ವ ಉಂಟೆಂಬುದು ಅದರ ಮೂಲಸ್ತಂಭ. ತೊಟ್ಟಿಲಲ್ಲಿ ಮಲಗಿದವನೂ ಒಡೆಯ. ಆದರೆ ಮೀಸೆ ಬಂದವನೂ ಸ್ವತಂತ್ರನಲ್ಲ. ಒಡೆತನವನ್ನೂ ಸ್ವಾತಂತ್ರ್ಯವನ್ನೂ ಹೀಗೆ ಬಿಡಿಸಿಟ್ಟುದರಿಂದಲೇ ದೊಡ್ಡ ಮನೆಗಳು ಒಡೆಯದೆ ನಡೆಯಲು ಎಡೆಯಾಯಿತು.

ಪಿತೃದ್ರವ್ಯಕ್ಕೆ ವಿರೋಧವಿಲ್ಲದೆ ತಾನೇ ಗಳಿಸಿದುದು, ಮಿತ್ರನಿಂದ ಬಂದುದು, ವಿವಾಹದಲ್ಲಿ ಬಂದುದು, ಕಳೆದುಹೋದ ಪಿತ್ರಾರ್ಜಿತವನ್ನು ಮರಳಿ ತಂದುದು, ವಿದ್ಯೆಯಿಂದ ಬಂದುದು ಇವುಗಳಲ್ಲಿ ದಾಯಾದರಿಗೆ ಪಾಲಿಲ್ಲ ಎಂದು ಯಾಜ್ಞವಲ್ಕ್ಯನು ಹೇಳಿರುವನು. ಇಲ್ಲಿ ವಿಜ್ಞಾನೇಶ್ವರನ ಜಾಣ್ಮೆ ಪ್ರಕಟವಾಗುತ್ತದೆ. 'ಪಿತೃದ್ರವ್ಯಕ್ಕೆ ವಿರೋಧವಿಲ್ಲದೆ' ಎಂಬ ವಿಶೇಷಣವನ್ನು ಆತನು ಮೊದಲನೆಯದಕ್ಕೆ ಮಾತ್ರ ಅನ್ವಯಿಸದೆ, ಎಲ್ಲಕ್ಕೂ ಅನ್ವಯಿಸಿಬಿಡುವನು. ಮನೆಯ ಹಣವನ್ನು ವೆಚ್ಚಮಾಡಿ ಮಿತ್ರನಿಗೆ ಉಪಕಾರಮಾಡಿ ಪ್ರತಿಯಾಗಿ ಪಡೆದುದು, ಪಿತೃದ್ರವ್ಯವನ್ನು ವ್ಯಯಿಸಿ ಮರಳಿ ತಂದ ಭೂಮಿ, ಪಿತೃದ್ರವ್ಯದಿಂದ ಕಲಿತ ವಿದ್ಯೆಯ ಫಲ, ಇವೆಲ್ಲವೂ ಹಂಚತಕ್ಕವೇ. ಪ್ರಶ್ನೆಯು 'ಯಾರು ಗಳಿಸಿದರು' ಎಂಬುದರಿಂದ 'ಗಳಿಸುವ ಶಕ್ತಿ ಬರಲು ಯಾರ ಅನ್ನ ಕರಗಿತು' ಎಂಬಲ್ಲಿಗೆ ಸರಿಯಿತು. ಇದು ಶಾಸ್ತ್ರಕಾರನ ತರ್ಕವಾಗಿರುವಂತೆಯೇ ಮನೆಲೆಕ್ಕ ಬರೆಯುವವನ ತರ್ಕವೂ ಹೌದು.

ಈ ಸಂದರ್ಭದಲ್ಲಿ ವಿಜ್ಞಾನೇಶ್ವರನು ಉದಾಹರಿಸುವ ನಾರದವಚನವೊಂದು ವಿಶೇಷವಾಗಿ ಮನನೀಯ. ಅದರ ತಾತ್ಪರ್ಯವಿಷ್ಟು: ಒಬ್ಬನು ವಿದ್ಯಾಭ್ಯಾಸಕ್ಕೆಂದು ಹೋದಾಗ ಅವನ ಕುಟುಂಬವನ್ನು ಸಾಕುವ ಸೋದರನು, ತಾನು ಅಕ್ಷರವನ್ನೇ ಅರಿಯದವನಾದರೂ, ಆ ವಿದ್ಯೆಯಿಂದ ಬಂದ ಧನದಲ್ಲಿ ಪಾಲು ಪಡೆಯತಕ್ಕವನು. ನೇಗಿಲು ಹಿಡಿದವನಿಗೆ ಪುಸ್ತಕ ಹಿಡಿದವನ ಗಳಿಕೆಯಲ್ಲಿ ಹಕ್ಕುಂಟೆಂಬ ಈ ಮಾತಿಗಿಂತ ದೊಡ್ಡ ಮಾತು ಕೌಟುಂಬಿಕ ಆಯವ್ಯಯದ ವಿಷಯದಲ್ಲಿ ಸ್ಮೃತಿಗಳಲ್ಲಿ ಸಿಕ್ಕುವುದು ದುರ್ಲಭ.

ಹಾಗಾದರೆ ವಿದ್ಯಾಧನವು ಪೂರ್ಣವಾಗಿ ಗಳಿಸಿದವನದಾಗುವುದು ಯಾವಾಗ? ಪರರ ಅನ್ನವನ್ನುಂಡು ಪರರಿಂದ ಕಲಿತಾಗ ಎಂಬ ಲಕ್ಷಣವನ್ನು ಕಾತ್ಯಾಯನನ ಹೆಸರಿನಲ್ಲಿ ನಿಬಂಧಕಾರರು ಹೇಳುವರು. ಇದು ಬರಿಯ ಕಲ್ಪನೆಯ ಉದಾಹರಣೆಯೆಂದು ತೋರಬಹುದು. ಆದರೆ ಚಿತ್ತಾಪುರಕ್ಕೆ ತಗುಲಿದಂತಿರುವ ನಾಗಾವಿಯ ಶಾಸನವನ್ನು ಇದರ ಪಕ್ಕದಲ್ಲಿಟ್ಟು ನೋಡಿದರೆ ಮಾತಿಗೆ ಮೈ ಬರುತ್ತದೆ. ತ್ರೈಲೋಕ್ಯಮಲ್ಲ ಮೊದಲನೆಯ ಸೋಮೇಶ್ವರನ ಕಾಲದಲ್ಲಿ, ಕ್ರಿ.ಶ. ೧೦೫೮ರಲ್ಲಿ, ದಂಡನಾಯಕ ಮಧುಸೂದನನು ಏರ್ಪಡಿಸಿದ ಘಟಿಕಾಸ್ಥಾನದಲ್ಲಿ ವೇದವನ್ನು ಕಲಿಯುವ ೨೦೦ ಮಂದಿಗೂ ಶಾಸ್ತ್ರವನ್ನು ಕಲಿಯುವ ೫೨ ಮಂದಿಗೂ ವ್ಯವಸ್ಥೆಯಿದ್ದಿತು. ಉಪಾಧ್ಯಾಯರಲ್ಲದೆ ೬ ಮಂದಿ ಸರಸ್ವತೀಭಂಡಾರಿಗಳೂ, ಎಂದರೆ ಪುಸ್ತಕಾಲಯವನ್ನು ನೋಡಿಕೊಳ್ಳುವವರೂ, ಇದ್ದರು. ಇವರೆಲ್ಲರ ಜೀವನಕ್ಕೆ ಭೂಮಿ ದತ್ತಿಯಾಗಿ ಬಿಡಲ್ಪಟ್ಟಿತು. ಇಲ್ಲಿ ಕಲಿತ ಹುಡುಗನ ಊಟವು ಅಣ್ಣನ ಹೊಲದಿಂದ ಬರಲಿಲ್ಲ. ದತ್ತಿಯ ಹೊಲದಿಂದ ಬಂದಿತು. ಕಾತ್ಯಾಯನನ ಲಕ್ಷಣಕ್ಕೆ ಇವನೇ ಲಕ್ಷ್ಯ. ಇವನು ಮುಂದೆ ಸಂಪಾದಿಸಿದುದು ಅವನದೇ. ಇದಾದ ಒಂದೆರಡು ತಲೆಮಾರಿನ ಅನಂತರ ಅದೇ ರಾಜ್ಯದಲ್ಲಿ ವಿಜ್ಞಾನೇಶ್ವರನು ವಿದ್ಯಾಧನವನ್ನು ವಿವೇಚಿಸಿದನು. ನಾಗಾವಿಯನ್ನು ಆತನು ಹೆಸರಿಸಿಲ್ಲ. ಒಂದರಿಂದ ಮತ್ತೊಂದು ಹುಟ್ಟಿತೆಂದು ಸಾಧಿಸುವುದು ಇಲ್ಲಿಯ ಉದ್ದೇಶವೂ ಅಲ್ಲ. ಆದರೆ ಘಟಿಕೆಯಲ್ಲಿ ಉಂಡು ಕಲಿತವನು, ಅಣ್ಣನ ಬೆವರಿನಿಂದ ಕಲಿತವನು, ಈ ಇಬ್ಬರೂ ಆತನ ಓದುಗರಿಗೆ ಪರಿಚಿತರಾಗಿಯೇ ಇದ್ದರೆನ್ನಬಹುದು.

ಪಾಲಿನ ಪ್ರಮಾಣದಲ್ಲಿಯೂ ಮಿತಾಕ್ಷರೆಯು ಒಂದೇ ಅಳತೆಗೋಲನ್ನು ಹಿಡಿಯುವುದಿಲ್ಲ. ಪಿತೃದ್ರವ್ಯಕ್ಕೆ ಕುಂದಿಲ್ಲದೆ ಗಳಿಸಿದುದು ಪೂರ್ಣವಾಗಿ ಅವನದು. ಪಿತೃದ್ರವ್ಯವನ್ನು ಬಳಸಿ ತಾನೇ ಗಳಿಸಿದುದರಲ್ಲಿ ವಸಿಷ್ಠನ ವಚನದಂತೆ ಅವನಿಗೆ ಎರಡು ಪಾಲು, ಉಳಿದವರಿಗೆ ಒಂದೊಂದು. ಇರುವ ಮೂಲಧನವನ್ನೇ ಕೃಷಿ ವಾಣಿಜ್ಯಗಳಿಂದ ಒಬ್ಬನು ಹೆಚ್ಚಿಸಿದ್ದರೆ ಎಲ್ಲರಿಗೂ ಸಮಭಾಗ. ದುಡಿಯುವವನ ಉತ್ಸಾಹವೂ ಕುಗ್ಗಬಾರದು, ಉಣಿಸಿದವರ ಋಣವೂ ತೀರಬೇಕು ಎಂಬ ಎರಡು ಕಳಕಳಿಗಳ ನಡುವಣ ತೂಗುಗತಿಯಿದು. ಇಮ್ಮಡಿ ಪಾಲಿನ ಪದ್ಧತಿಯು ಈಚಿನ ನ್ಯಾಯಾಲಯಗಳಲ್ಲಿ ಬಳಕೆ ತಪ್ಪಿತು. ಮಧ್ಯದ ಮೆಟ್ಟಿಲೊಂದು ಹೋದಮೇಲೆ ಎಲ್ಲವೂ ಅವನದು ಅಥವಾ ಎಲ್ಲವೂ ಮನೆಯದು ಎಂಬ ಎರಡೇ ಪಕ್ಷಗಳು ಉಳಿದವು. ಇದರ ಪರಿಣಾಮವನ್ನು ಮುಂದೆ ನೋಡಬಹುದು.

ಸಾಲದ ವಿಷಯದಲ್ಲಿಯೂ ಕುಟುಂಬಾರ್ಥವೇ ಒರೆಗಲ್ಲು. ಅವಿಭಕ್ತರು ಕುಟುಂಬದ ಸಲುವಾಗಿ ಮಾಡಿದ ಸಾಲವನ್ನು, ಯಜಮಾನನು ಸತ್ತರೆ ಅಥವಾ ದೇಶಾಂತರ ಹೋದರೆ, ಪಾಲುದಾರರೆಲ್ಲರೂ ತೀರಿಸತಕ್ಕದ್ದು. ಮಗನು ತನ್ನ ಪಾಡಿಗೆ ಮಾಡಿದ ಸಾಲವನ್ನು ತಂದೆಯು ತೀರಿಸಬೇಕಾದುದಿಲ್ಲ. ಕಿರಿಯನು ಸಂಪಾದಿಸತೊಡಗಿದಾಗ ಅವನ ಹೆಸರಿಗೆ ಉದ್ರಿ ಕೊಡಲು ಮುಂದಾಗುವ ಅಂಗಡಿಕಾರನು ನೆನಪಿಡಬೇಕಾದ ನಿಯಮವಿದು.

ಇದೇ ಶತಮಾನದಲ್ಲಿ, ಇದೇ ಕಲ್ಯಾಣದಲ್ಲಿ, ಸಂಪಾದನೆಯ ವಿಷಯದಲ್ಲಿ ಬೇರೊಂದು ದೃಷ್ಟಿಯೂ ಮೊಳೆತಿತು. ಗಂಡ ಆಯ್ದಕ್ಕಿ ಮಾರಯ್ಯನು ನಿತ್ಯದ ಅಗತ್ಯವನ್ನು ಮೀರಿ ಅಕ್ಕಿಯನ್ನು ತಂದಾಗ ಹೆಂಡತಿ ಲಕ್ಕಮ್ಮನು ಹೆಚ್ಚಾದುದನ್ನು ಹಿಂದಿರುಗಿಸುವಂತೆ ಹೇಳಿದಳೆಂಬ ಕಥೆಯನ್ನು ಸಾಹಿತ್ಯದ ಅಧ್ಯಾಪಕರು ವಿದ್ಯಾರ್ಥಿಗಳಿಗೆ ಹೇಳುತ್ತಲೇ ಬಂದಿರುವರು. ಸಾಮಾನ್ಯವಾಗಿ ಅದನ್ನು ವೈರಾಗ್ಯದ ನಿದರ್ಶನವಾಗಿ ಓದುವುದು ರೂಢಿ. ವ್ಯಯಪರಾಙ್ಮುಖಿಯಾದ ಗೃಹಿಣಿಯನ್ನು ಸ್ಮೃತಿಕಾರನು ಬಯಸಿದರೆ, ಈ ಕಥೆಯ ಗೃಹಿಣಿಯು ಆಯಕ್ಕೂ ಎಲ್ಲೆ ಕಟ್ಟಿದಳೆಂಬ ಅಂಶವು ಆ ಓದಿನಲ್ಲಿ ಮರೆಯಾಗುತ್ತದೆ. ಪಾಲಿನ ಪ್ರಶ್ನೆಯೇ ಏಳದಂಥ ಮನೆಯದು. ಆದರೆ ಹತ್ತು ಬಾಯಿಗಳಿರುವ ಒಕ್ಕಲಮನೆಗೆ ಆ ಆದರ್ಶ ಸುಲಭವಾಗಿ ಒಗ್ಗದು.

ಕಾಗಿಣಾ ಸೀಮೆಯ ಮನೆಲೆಕ್ಕದ ಲಯವನ್ನೇ ಬದಲಿಸಿದುದು ಉಗಿಬಂಡಿ. ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲುದಾರಿಯು ಸೊಲ್ಲಾಪುರದ ಕಡೆಯಿಂದ ಬಂದು ೧೮೭೧ರಲ್ಲಿ ರಾಯಚೂರಿನಲ್ಲಿ ಮದರಾಸಿನ ದಾರಿಯನ್ನು ಕೂಡಿತು. ೧೮೭೪ರಲ್ಲಿ ನಿಜಾಮರ ರೈಲುದಾರಿಯು ವಾಡಿಯಿಂದ ಚಿತ್ತಾಪುರ ಸೇಡಮುಗಳ ಮಾರ್ಗವಾಗಿ ಸಿಕಂದರಾಬಾದಿಗೆ ತೆರೆಯಿತು, ವಾಡಿಯು ಜಂಕ್ಷನ್ನಾಯಿತು. ಹಲಗೆ ಹಲಗೆಯಾಗಿ ಏಳುವ ಶಹಾಬಾದಿನ ಫರಸಿಕಲ್ಲು ದೂರದೂರದ ಮನೆಗಳ ನೆಲಕ್ಕೆ ಹಾಸಾಯಿತು. ಅದೇ ಸುಣ್ಣಗಲ್ಲನ್ನು ಸುಟ್ಟು ಸಿಮೆಂಟು ಮಾಡುವ ಕಾರಖಾನೆಯು ಶಹಾಬಾದಿನಲ್ಲಿ ಏರ್ಪಟ್ಟು, ೧೯೩೬ರಲ್ಲಿ ಹಲವು ಸಂಸ್ಥೆಗಳು ಕೂಡಿ ಎ.ಸಿ.ಸಿ. ಆದಾಗ ಅದರಲ್ಲಿ ಸೇರಿತು. ವಾಡಿಯಲ್ಲಿ ೧೯೬೮ರಲ್ಲಿಯೂ, ಮಳಖೇಡ ಸೇಡಮುಗಳಲ್ಲಿ ೧೯೮೦ರ ದಶಕದಲ್ಲಿಯೂ ದೊಡ್ಡ ಸಿಮೆಂಟು ಕಾರಖಾನೆಗಳು ಎದ್ದವು. ಚಿಂಚೋಳಿಯು ಮಾತ್ರ ಈ ದಾರಿಯಿಂದ ದೂರವಾಗಿ, ಕೊಂಚಾವರದ ಕಾಡನ್ನು ಬೆನ್ನಿಗಿಟ್ಟುಕೊಂಡು, ಬಹುಕಾಲ ಹೊಲವನ್ನೇ ನೆಚ್ಚಿತು.

ಇದರಿಂದ ಮನೆಗೆ ಬಂದುದು ಪಗಾರ. ಪಗಾರಕ್ಕೂ ರಾಶಿಗೂ ಇರುವ ಅಂತರವು ಬರಿಯ ಮೊತ್ತದ್ದಲ್ಲ. ರಾಶಿಯು ವರ್ಷಕ್ಕೊಮ್ಮೆ, ಎಲ್ಲರ ಕಣ್ಣೆದುರಿಗೆ ಕಣದಲ್ಲಿ ಬೀಳುತ್ತದೆ. ಅದರಲ್ಲಿ ಯಾವ ಕಾಳು ಯಾರ ದುಡಿಮೆಯದೆಂದು ಹೇಳುವವರಿಲ್ಲ. ಪಗಾರವು ತಿಂಗಳು ತಿಂಗಳೂ, ಒಬ್ಬನ ಹೆಸರಿನಲ್ಲಿ, ಒಬ್ಬನ ಕೈಗೆ ಬರುತ್ತದೆ. ಅವಿಭಕ್ತ ಕುಟುಂಬವು ಬಾಳುವುದು ಆಳಾಳಿಗೆ ಲೆಕ್ಕವನ್ನಿಡದೆ ಇರುವುದರಿಂದ. ವಿಭಾಗಕಾಲದಲ್ಲಿಯೂ, ವಂಚನೆಯಿಲ್ಲದ ಪಕ್ಷದಲ್ಲಿ, ಇದ್ದುದನ್ನು ಹಂಚಿಕೊಳ್ಳುವರೇ ಹೊರತು ಹಿಂದೆ ಯಾರು ಎಷ್ಟು ಉಂಡರೆಂದು ಕರ್ತನನ್ನು ಕೇಳುವುದಿಲ್ಲ. ಪಗಾರದ ಸ್ವಭಾವವು ಇದಕ್ಕೆ ನೇರ ವಿರುದ್ಧ. ಸಾಲದುದಕ್ಕೆ ಹೈದರಾಬಾದ ಸಂಸ್ಥಾನದಲ್ಲಿ ನಾಣ್ಯವೇ ಎರಡು ಬಗೆ: ನಿಜಾಮರ ಹಾಲಿ ಸಿಕ್ಕಾ, ಬ್ರಿಟಿಷರ ಕಲ್ದಾರ. ನೂರು ಕಲ್ದಾರಕ್ಕೆ ಸುಮಾರು ೧೧೬ ಹಾಲಿ. ಸೊಲ್ಲಾಪುರದ ಗಿರಣಿಯಲ್ಲಿ ದುಡಿಯುವ ಮಗನ ರೂಪಾಯಿಯೂ, ಊರ ಪೇಟೆಯಲ್ಲಿ ತೊಗರಿ ಮಾರಿದ ತಂದೆಯ ರೂಪಾಯಿಯೂ ಒಂದೇ ಪೆಟ್ಟಿಗೆಯಲ್ಲಿ ಬಿದ್ದರೂ ಒಂದೇ ಬೆಲೆಯವಲ್ಲ. ಸಂಸ್ಥಾನವು ೧೯೪೮ರಲ್ಲಿ ಭಾರತದಲ್ಲಿ ಸೇರಿದ ಮೇಲೆಯೂ ಕೆಲವು ವರ್ಷ ಹಾಲಿ ನಾಣ್ಯವು ನಡೆಯುತ್ತಲೇ ಇದ್ದಿತು.

ಮಿತಾಕ್ಷರೆಯ ಒರೆಗಲ್ಲಿಗೆ ಪಗಾರವನ್ನು ಹಚ್ಚಿದರೆ ವಿಚಿತ್ರವಾದ ಫಲ ಹೊರಡುತ್ತದೆ. ಫರಸಿಯ ಗಣಿಯಲ್ಲಿ ಕಲ್ಲೆತ್ತಿದವನ ಮೈಬಲಕ್ಕೆ ಮನೆಯಿಂದ ಪ್ರತ್ಯೇಕವಾದ ವೆಚ್ಚವಾಗಿಲ್ಲ; ಅವನ ಕೂಲಿ ಅವನದು. ಹೊಲವನ್ನು ಅಡವಿಟ್ಟು ಓದಿಸಿದ ತಮ್ಮನು ಗುಮಾಸ್ತನಾದರೆ ಅವನ ಪಗಾರದಲ್ಲಿ ಎಲ್ಲರಿಗೂ ಪಾಲು. ಮೇಲ್ನೋಟಕ್ಕೆ ಅನ್ಯಾಯದಂತೆ ತೋರಿದರೂ ಇದರಲ್ಲಿ ಯುಕ್ತಿಯಿದೆ. ಬಡವನ ಕೈಯಲ್ಲಿ ಉಳಿದುದನ್ನು ಶಾಸ್ತ್ರವು ಕಸಿಯುವುದಿಲ್ಲ. ಮನೆಯು ತನ್ನ ಬಂಡವಾಳವನ್ನು ಹೂಡಿ ಬೆಳೆಸಿದವನಿಂದ ಮಾತ್ರ ಬೇಡುತ್ತದೆ. ಊಟದ ವೆಚ್ಚವನ್ನೂ ಪಿತೃದ್ರವ್ಯವಿರೋಧವೆಂದು ಎಣಿಸಿದರೆ ಸ್ವಾರ್ಜಿತವೆಂಬುದೇ ಉಳಿಯದು. ವಿಶೇಷವಾದ ವೆಚ್ಚವನ್ನು ಮಾತ್ರ ಎಣಿಸುವುದು ವ್ಯವಹಾರಕ್ಕೂ ವಿವೇಕಕ್ಕೂ ಒಪ್ಪುವ ಮಾತು.

ಆಂಗ್ಲ ನ್ಯಾಯಾಸನಗಳು ಈ ವಿವೇಕವನ್ನು ಹಿಡಿದು ನಿಲ್ಲಲಿಲ್ಲ. ಕೋಲ್‌ಬ್ರೂಕನು ೧೮೧೦ರಲ್ಲಿ ಮಿತಾಕ್ಷರೆಯ ದಾಯಭಾಗವನ್ನು ಇಂಗ್ಲಿಷಿಗೆ ತಿರುಗಿಸಿದಂದಿನಿಂದ ನ್ಯಾಯಾಧೀಶರು ಅದನ್ನು ಅಕ್ಷರಶಃ ಹಿಡಿದರು. ೧೯೨೧ರಲ್ಲಿ ಪ್ರಿವಿ ಕೌನ್ಸಿಲು, ಕುಟುಂಬದ ಹಣದಿಂದ ಶಿಕ್ಷಣ ಪಡೆದು ಇಂಡಿಯನ್ ಸಿವಿಲ್ ಸರ್ವಿಸಿಗೆ ಸೇರಿದವನೊಬ್ಬನ ಸಂಬಳವು ಅವಿಭಕ್ತ ಕುಟುಂಬದ ಆಸ್ತಿಯೆಂದು ತೀರ್ಮಾನಿಸಿತು. ಓದಿದವರಲ್ಲಿ ಇದು ದೊಡ್ಡ ಕೋಲಾಹಲವನ್ನೆಬ್ಬಿಸಿತು, ಮು. ರಾ. ಜಯಕರರ ಪ್ರಯತ್ನದಿಂದ ೧೯೩೦ರಲ್ಲಿ ಹಿಂದೂ ವಿದ್ಯಾರ್ಜಿತಧನದ ಕಾಯಿದೆಯು ಹೊರಟಿತು. ವಿದ್ಯೆಯು ಪ್ರಾಥಮಿಕವಾಗಿರಲಿ, ಔದ್ಯೋಗಿಕವಾಗಿರಲಿ, ಕುಟುಂಬದ ಹಣದಿಂದಲೇ ಬಂದಿರಲಿ, ಕಲಿಯುವಾಗ ಅವನನ್ನೂ ಅವನ ಕುಟುಂಬವನ್ನೂ ಮನೆಯೇ ಸಾಕಿರಲಿ, ಆ ಕಾರಣ ಮಾತ್ರದಿಂದ ಅವನ ಗಳಿಕೆಯು ಕುಟುಂಬದ್ದಾಗದು ಎಂದು ಅದು ವಿಧಿಸಿತು. ನಾರದವಚನದ ಪ್ರತಿಯೊಂದು ಪದವನ್ನೂ ಎದುರಿಗಿಟ್ಟುಕೊಂಡು ಅಳಿಸಿದಂತಿದೆ ಈ ವಾಕ್ಯರಚನೆ. ಪೂರ್ಣವಾಗಿ ಮನೆಯದೆಂಬ ೧೯೨೧ರ ತೀರ್ಪೂ ಅತಿ. ಪೂರ್ಣವಾಗಿ ಅವನದೆಂಬ ೧೯೩೦ರ ಕಾಯಿದೆಯೂ ಅತಿ. ವಸಿಷ್ಠನ ಇಮ್ಮಡಿ ಪಾಲು ಬಳಕೆಯಲ್ಲಿ ಉಳಿದಿದ್ದರೆ ಇವೆರಡೂ ಬೇಕಾಗುತ್ತಿರಲಿಲ್ಲ. ಈ ಬದಲಾವಣೆಯಲ್ಲಿ ನಷ್ಟಹೊಂದಿದವನು ಯಾವ ಸಭೆಯಲ್ಲಿಯೂ ಮಾತನಾಡಲಿಲ್ಲ, ಅವನು ಹೊಲದಲ್ಲಿದ್ದನು.

ಹುಡುಗರ ವಯಸ್ಸಿನ ವಿಷಯದಲ್ಲಿ ರಾಜಶಾಸನವು ನಾರದನಿಗಿಂತ ಮುಂದೆ ಹೋಗಿದೆ. ೧೮೭೫ರ ಕಾಯಿದೆಯು ಪ್ರಾಪ್ತವಯಸ್ಸನ್ನು ಹದಿನೆಂಟಕ್ಕೆ ನಿಲ್ಲಿಸಿತು. ೧೯೪೮ರ ಕಾರಖಾನೆಗಳ ಕಾಯಿದೆಯು ಹದಿನಾಲ್ಕು ತುಂಬದವರ ದುಡಿಮೆಯನ್ನು ನಿಷೇಧಿಸಿ, ಹದಿನೆಂಟರೊಳಗಣ ಕಿರಿಯರಿಗೆ ವೈದ್ಯನ ಯೋಗ್ಯತಾಪತ್ರವನ್ನು ಬೇಡಿತು. ೧೯೬೧ರ ಅಪ್ರೆಂಟಿಸ್ ಕಾಯಿದೆಯು ಕಲಿಯುತ್ತಲೇ ವೇತನ ಪಡೆಯುವ ಒಂದು ವರ್ಗವನ್ನು ನಿರ್ಮಿಸಿತು. ಕಾರಖಾನೆಯಲ್ಲಿ ಉಂಡು ಕಲಿಯುವ ಈ ಹುಡುಗನು ನಾಗಾವಿಯ ಘಟಿಕೆಯ ವಿದ್ಯಾರ್ಥಿಗೆ ಹತ್ತಿರದ ನೆಂಟ. ಅವನ ವಿದ್ಯೆಗೆ ಪರರ ಅನ್ನವೇ ಆಧಾರ.

ಹುಡುಗಿಯರ ಸಂಪಾದನೆಯ ಮಾತು ಬೇರೆ. ಸ್ತ್ರೀಯು ಶಿಲ್ಪದಿಂದ, ಎಂದರೆ ಕೈಕೆಲಸದಿಂದ, ಗಳಿಸಿದುದರ ಮೇಲೆ ಗಂಡನಿಗೆ ಸ್ವಾಮ್ಯವೆಂದು ಕಾತ್ಯಾಯನನು ಹೇಳಿದನು; ಮದುವೆಯಾಗದ ಮಗಳ ಕೂಲಿಯ ಪ್ರಸ್ತಾಪವನ್ನು ಆ ವಚನ ಎತ್ತುವುದೇ ಇಲ್ಲ. ಕರ್ನಾಟಕವು ೧೯೯೪ರ ತಿದ್ದುಪಡಿಯಿಂದ ಅವಿವಾಹಿತ ಪುತ್ರಿಯರಿಗೂ, ಭಾರತ ಸರಕಾರವು ೨೦೦೫ರಲ್ಲಿ ಎಲ್ಲ ಪುತ್ರಿಯರಿಗೂ ಪಿತ್ರಾರ್ಜಿತದಲ್ಲಿ ಹುಟ್ಟಿನಿಂದಲೇ ಸ್ವತ್ವವನ್ನು ಕೊಟ್ಟಿತು. ಜನ್ಮಸ್ವತ್ವವೆಂಬ ಮಿತಾಕ್ಷರೆಯ ಸಿದ್ಧಾಂತವನ್ನೇ ಹಿಡಿದು, ಅದರ ಕರ್ತೃವು ನಿಲ್ಲಿಸಿದ ಗಡಿಯನ್ನು ಸರಿಸಿದ ಕಾರ್ಯವಿದು. ಆ ಗಡಿಯನ್ನು ಸರಿಸಲು ಎಡೆಯಿತ್ತೆಂಬುದಕ್ಕೆ ಗ್ರಂಥದಲ್ಲಿಯೇ ಒಂದು ಸೂಚನೆಯುಂಟು. ಸ್ತ್ರೀಧನದ ಬಗೆಗಳನ್ನು ಎಣಿಸುವ ಯಾಜ್ಞವಲ್ಕ್ಯವಚನದಲ್ಲಿ ಜೀಮೂತವಾಹನನು ಅವಧಾರಣೆಯನ್ನು ಸೂಚಿಸುವ 'ಏವ' ಪದವನ್ನು ಓದಿ ಪಟ್ಟಿಯನ್ನು ಮುಚ್ಚಿದನು. ವಿಜ್ಞಾನೇಶ್ವರನು ಅದೇ ಸ್ಥಳದಲ್ಲಿ 'ಆದ್ಯ' ಎಂದು, ಎಂದರೆ 'ಮೊದಲಾದುದು' ಎಂದು ಓದಿದನು; ದಾಯದಿಂದ, ಕ್ರಯದಿಂದ, ವಿಭಾಗದಿಂದ, ಪರಿಗ್ರಹದಿಂದ, ದೊರೆತ ನಿಧಿಯಿಂದ ಬಂದುದೂ ಸ್ತ್ರೀಧನವೇ ಎಂದು ವ್ಯಾಖ್ಯಾನಿಸಿ ಪಟ್ಟಿಯನ್ನು ತೆರೆದಿಟ್ಟನು.